ಅಡ್ಡ ಬಂದ ಕಾಯಿಯೇ ಮೆಟ್ಟಿಲು

ಚೆಸ್ ಬಲ್ಲವರನ್ನ ಒಂದು ಪ್ರಶ್ನೆ ಕೇಳಿ ನೋಡಿ. ಬೋರ್ಡಿನ ಮೇಲೆ ಕಪ್ಪು ರಾಜ ಒಬ್ಬನೇ, ಡಿ8ರಲ್ಲಿ (ಬಿಳಿಯ ಎಡದಿಂದ ಉದ್ದಸಾಲುಗಳಿಗೆ ಎ, ಬಿ, ಸಿ ಅಂತ ಎಚ್‌ವರೆಗೆ ಹೆಸರು, ಬಿಳಿಯ ಕಡೆಯಿಂದ ಅಡ್ಡಸಾಲುಗಳಿಗೆ 1ರಿಂದ 8). ಬಿಳಿ ರಾಜ ಎಲ್ಲೋ ದೂರದ ಎ1ರ ಮೂಲೆಯಲ್ಲಿ. ಬಿಳಿ ಮಂತ್ರಿ ನೇರ ಬಂದು ಕಪ್ಪು ರಾಜನ ಎದುರಿಗೇ, ಡಿ7ರಲ್ಲಿ ನಿಂತು ಚೆಕ್ ಕೊಡುತ್ತದೆ. ಅದರ ಹಿಂದೆ ಯಾರ ಬಲವೂ ಇಲ್ಲ. ಏನಾಗುತ್ತದೆ? ರಾಜ ಮಂತ್ರಿಯನ್ನ ಹೊಡೆಯುತ್ತಾನೆ, ಆಟ ಡ್ರಾ, ಇನ್ನೇನು ಅಂತಾರೆ ಎಲ್ಲರೂ.

ಈಗ ಒಂದೇ ಒಂದು ನಿಯಮ ಬದಲಿಸಿ. ಹೊಡೆತ ತಿಂದ ಕಾಯಿ ಬೋರ್ಡಿನಿಂದ ಆಚೆ ಹೋಗುವುದಿಲ್ಲ, ಆಟದ ಶುರುವಿನಲ್ಲಿ ತಾನು ನಿಂತಿದ್ದ ಮನೆಗೆ ವಾಪಸ್ ಬಂದು ಕೂರುತ್ತದೆ. ಆ ಮನೆ ಖಾಲಿ ಇದ್ದರೆ ಮಾತ್ರ. ಅಲ್ಲಿ ಬೇರೆ ಯಾರಾದರೂ ಇದ್ದರೆ ಮಾಮೂಲಿನಂತೆ ಕಾಯಿ ಹೋಯಿತು ಅಂತಲೇ ಲೆಕ್ಕ.

ಮತ್ತೆ ಅದೇ ಚಿತ್ರ ನೋಡಿ. ರಾಜ ಡಿ7ರಲ್ಲಿರುವ ಮಂತ್ರಿಯನ್ನ ಹೊಡೆದ ಅಂದುಕೊಳ್ಳಿ. ಮಂತ್ರಿ ಆ ಕ್ಷಣವೇ ಡಿ1ರಲ್ಲಿ ಹುಟ್ಟುತ್ತದೆ. ಡಿ1ರಿಂದ ಡಿ7ರವರೆಗೆ ಸಾಲು ಪೂರ್ತಿ ಖಾಲಿ. ಅಂದರೆ ಹೊಡೆದು ಮುಗಿಯುವಷ್ಟರಲ್ಲಿ ರಾಜ ತಾನೇ ಹೋಗಿ ಚೆಕ್‌ನಲ್ಲಿ ನಿಂತ ಹಾಗಾಯಿತು. ಆ ನಡೆಗೆ ಅನುಮತಿಯಿಲ್ಲ. ಉಳಿದ ನಾಲ್ಕು ಮನೆ, ಸಿ8, ಇ8, ಸಿ7, ಇ7, ಎಲ್ಲವೂ ಮಂತ್ರಿಯ ಹಿಡಿತದಲ್ಲಿ. ಮೇಟ್! ಒಂಟಿ ಮಂತ್ರಿ, ಯಾರ ಸಹಾಯವೂ ಇಲ್ಲದೆ, ಹೊಡೆಯೋ ದೂರದಲ್ಲೇ ನಿಂತು ಮೇಟ್ ಮಾಡಿತು. ಅದನ್ನ ಕಾಯುತ್ತಿರುವುದು ಇನ್ನೊಂದು ಕಾಯಿ ಅಲ್ಲ, ಆರು ಮನೆ ಕೆಳಗಿರುವ ಒಂದು ಖಾಲಿ ಮನೆ.

ಈ ನಿಯಮಕ್ಕೆ ಸರ್ಸಿ ಚೆಸ್ ಅಂತ ಹೆಸರು. 1960ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು, ಪಿಯೆರ್ ಮೊನ್ರಿಯಾಲ್ ಅನ್ನುವವರ ತಲೆಯಿಂದ. ಹೀಗೆ ನಿಯಮ ಬದಲಿಸಿ, ಹೊಸ ಕಾಯಿ ತಂದು, ಬೋರ್ಡನ್ನೇ ಸುರುಳಿ ಸುತ್ತಿ ಕಟ್ಟುವ ಸಮಸ್ಯೆಗಳಿಗೆಲ್ಲ, ಅಂದರೆ ಇಷ್ಟು ನಡೆಯಲ್ಲಿ ಮೇಟ್ ಮಾಡು ಅನ್ನುವಂಥ ಒಗಟುಗಳಿಗೆಲ್ಲ, ಒಟ್ಟಾಗಿ ಫೇರಿ ಚೆಸ್ ಅಂತಾರೆ. ಇದರ ಹುಚ್ಚು ನನಗೆ ಬಹಳ ವರ್ಷದಿಂದ ಇದೆ. ಯಾಕೆ ಇಷ್ಟ ಅಂತ ಕೇಳಿದವರಿಗೆ ಇಷ್ಟು ದಿನ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಇವತ್ತು ಸಮಾಧಾನವಾಗಿ ಬರೆಯಬೇಕು ಅನ್ನಿಸಿತು.

ನಮ್ಮ ತುಮಕೂರಿನಲ್ಲಿ ಈಗ ಚೆಸ್ ಕಲಿಯುವ ಮಕ್ಕಳು ಜಾಸ್ತಿ ಆಗಿದ್ದಾರೆ. 2024ರ ಡಿಸೆಂಬರಿನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲಂತೂ ಎಸ್.ಎಸ್.ಪುರಂ, ಅಶೋಕನಗರದ ಕಡೆ ಸಂಜೆ ಹೊತ್ತು ಚೆಸ್ ಕ್ಲಾಸಿಗೆ ಹೋಗೋ ಮಕ್ಕಳ ಕೈಯಲ್ಲಿ ಸುರುಳಿ ಸುತ್ತಿದ ಬೋರ್ಡು ಕಾಣುತ್ತದೆ. ನೋಡಕ್ಕೆ ತುಂಬಾ ಖುಷಿ. ನನ್ನ ಅಕ್ಕನ ಮಗಳೂ ಅವರಲ್ಲಿ ಒಬ್ಬಳು, ಏಳನೇ ಕ್ಲಾಸು. ಅವಳಿಗೆ ಸಿಸಿಲಿಯನ್ ಅನ್ನುವ ಆಟ ಶುರು ಮಾಡುವ ಪದ್ಧತಿಯ ಹತ್ತು ಹನ್ನೆರಡು ನಡೆ ಬಾಯಿಪಾಠ. ಹೇಳು ಅಂದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ. ಅದು ತಪ್ಪಲ್ಲ, ಪಂದ್ಯ ಆಡುವವರಿಗೆ ಅದು ಬೇಕೇ ಬೇಕು. ಆದರೆ ಬಾಯಿಪಾಠ ಓಡುತ್ತಿರುವಾಗ ಕಣ್ಣು ಬೋರ್ಡಿನ ಮೇಲೆ ಇರಲ್ಲ ಅನ್ನೋದು ನನ್ನ ಅನಿಸಿಕೆ. ಈ ವಿಚಿತ್ರ ನಿಯಮದ ಸಮಸ್ಯೆಗಳ ಮುಂದೆ ಕೂತಾಗ ಬಾಯಿಪಾಠಕ್ಕೆ ಕೆಲಸವೇ ಇಲ್ಲ. ಕಣ್ಣು ಬಿಟ್ಟು ಒಂದೊಂದು ಮನೆಯನ್ನೂ ಹೊಸದಾಗಿ ನೋಡಲೇಬೇಕು. ಕಾಪಾಡೋದು ಅಂದರೇನು, ಅಡ್ಡ ಹಾಕೋದು ಅಂದರೇನು, ಬಲವಾದ ಕಾಯಿ ಅಂದರೆ ಯಾವುದು, ಇವೆಲ್ಲ ನಮಗೆ ಗೊತ್ತು ಅಂದುಕೊಂಡು ಎಷ್ಟೋ ವರ್ಷದಿಂದ ಯೋಚಿಸುವುದನ್ನೇ ಬಿಟ್ಟಿರುತ್ತೇವಲ್ಲ, ಅವುಗಳಲ್ಲಿ ಒಂದೊಂದನ್ನೇ ಹೊರಗೆ ಎಳೆದು ಈಗ ಹೇಳು ಅಂತ ಕೇಳುತ್ತವೆ ಈ ಸಮಸ್ಯೆಗಳು.

ಮೊದಲು ಒಂದು ತಕರಾರಿಗೆ ಉತ್ತರ ಕೊಟ್ಟುಬಿಡುತ್ತೇನೆ. ‘ಇದೆಲ್ಲ ಚೆಸ್ಸೇ ಅಲ್ಲ, ನಿಯಮ ಮುರಿದ ಮೇಲೆ ಆಟ ಎಲ್ಲಿದೆ’ ಅಂತ ಹೇಳುವವರು ಇದ್ದಾರೆ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಅವರು ಆಡುವ ಚದುರಂಗದಲ್ಲಿ ಸೈನಿಕ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜನಿಗೆ ಒಂದು ಸಲ ಕುದುರೆ ಹಾಗೆ ಹಾರುವ ಹಕ್ಕಿದೆ, ಅದೂ ಅಲ್ಲಿಯವರೆಗೆ ಅವನಿಗೆ ಚೆಕ್ ಬಿದ್ದಿರಬಾರದು. ಸೈನಿಕ ಕೊನೆ ಮನೆ ಮುಟ್ಟಿದರೆ ಕೇಳಿದ್ದು ಆಗಲ್ಲ. ಯಾವ ಸಾಲಿನಲ್ಲಿ ಮುಟ್ಟಿದನೋ ಆ ಸಾಲಿನ ಕಾಯಿ ಆಗುತ್ತಾನೆ. ‘ಆನೆ ಸಾಲಲ್ಲಿ ಹೋದೋನು ಮಂತ್ರಿ ಹೆಂಗಾಯ್ತಾನಪ್ಪ’ ಅಂತ ಮಾವ ಕೇಳಿದರೆ ಯಾರಿಗೂ ಎದುರು ಉತ್ತರ ಇರಲ್ಲ. ಮಾವ ನಿಯಮ ಮುರಿಯುತ್ತಿಲ್ಲ. ಅವರು ಆಡುತ್ತಿರುವುದು ನಮ್ಮ ದೇಶದ ಹಳೇ ಪದ್ಧತಿ. ಆಗಿನ ಭಾರತದ ದೊಡ್ಡ ಆಟಗಾರ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದೂ ಹಿಂದುಸ್ತಾನಿ ಪದ್ಧತಿಯ ಆಟವನ್ನೇ. ಆಮೇಲೆ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ನಿಯಮಕ್ಕೆ ಹೊಂದಿಕೊಂಡು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಇನ್ನೂ ಹಿಂದಕ್ಕೆ ಹೋದರೆ, ಪರ್ಷಿಯಾ, ಅರೇಬಿಯಾದ ಶತರಂಜ್‌ನಲ್ಲಿ ಮಂತ್ರಿ ಕರ್ಣದಲ್ಲಿ ಒಂದೇ ಒಂದು ಮನೆ ನಡೆಯುವ ಬಡಪಾಯಿ. ಈಗಿನ ಒಂಟೆಯ ಜಾಗದಲ್ಲಿ ನಿಂತಿದ್ದ ಕಾಯಿ ಕರ್ಣದಲ್ಲಿ ಎರಡನೇ ಮನೆಗೆ ಹಾರುತ್ತಿತ್ತು, ನಡುವೆ ಯಾರಿದ್ದರೂ ಲೆಕ್ಕಕ್ಕಿಲ್ಲ. ಮಂತ್ರಿಗೆ ಈಗಿನ ಬಲ ಬಂದದ್ದು ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ, ಯುರೋಪಿನಲ್ಲಿ. ಅವತ್ತು ಹಳೇ ಆಟಗಾರರಿಗೆ ಅದು ಅತಿಯಾಯಿತು ಅನ್ನಿಸಿರಬೇಕು. ನಾವು ಅಸಲಿ ಅಂತ ಹಿಡಿದುಕೊಂಡಿರೋ ಚೆಸ್ ಕೂಡ ಒಂದು ಕಾಲದಲ್ಲಿ ವಿಚಿತ್ರ ನಿಯಮದ ಚೆಸ್ಸೇ ಆಗಿತ್ತು.

ಈಗ ನನಗೆ ತುಂಬಾ ಇಷ್ಟವಾದ ಕಾಯಿಗೆ ಬರುತ್ತೇನೆ. ಮಿಡತೆ. ಇಂಗ್ಲಿಷಿನವರ ಗ್ರಾಸ್‌ಹಾಪರ್. ಇದನ್ನ ಮಾಡಿದ್ದು ಥಾಮಸ್ ರೇನರ್ ಡಾಸನ್, 1913ರಲ್ಲಿ. ಇಂಗ್ಲೆಂಡಿನವರು, ರಬ್ಬರ್ ಉದ್ಯಮದಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಚೆಸ್ ಸಮಸ್ಯೆ. ಸಾವಿರಾರು ಸಮಸ್ಯೆ ಕಟ್ಟಿದರು, ಅದರಲ್ಲಿ ಹೆಚ್ಚಿನವು ಇಂಥ ಬೇರೆ ನಿಯಮದವೇ. 1951ರಲ್ಲಿ ತೀರಿಕೊಂಡರು. ಫೇರಿ ಚೆಸ್ ಅನ್ನುವ ಒಂದು ಇಡೀ ಲೋಕವನ್ನ ನಿಲ್ಲಿಸಿದವರು ಅಂದರೆ ಅವರೇ. ಅಚ್ಚಿನಲ್ಲಿ ಮಿಡತೆಗೆ ಬೇರೆ ಗುರುತು ಇಲ್ಲ, ಮಂತ್ರಿಯ ಗುರುತನ್ನೇ ತಲೆಕೆಳಗು ಮಾಡಿ ಹಾಕುತ್ತಾರೆ.

ಮಿಡತೆ ಮಂತ್ರಿಯ ದಾರಿಯಲ್ಲೇ ಹೋಗುತ್ತದೆ: ನೇರ, ಅಡ್ಡ, ಕರ್ಣ. ಆದರೆ ಸುಮ್ನೆ ನಡೆಯುವುದಕ್ಕೆ ಅದಕ್ಕೆ ಬರಲ್ಲ. ದಾರಿಯಲ್ಲಿ ಒಂದು ಕಾಯಿ ಇರಲೇಬೇಕು, ನಮ್ಮದೋ ಎದುರಿನವರದೋ. ಅದರ ಮೇಲಿಂದ ಹಾರಿ ಅದರ ಪಕ್ಕದ ಮನೆಯಲ್ಲೇ ಇಳಿಯಬೇಕು, ಅದರಾಚೆಗೆ ಹೋಗುವಂತಿಲ್ಲ. ಇಳಿದ ಮನೆಯಲ್ಲಿ ಎದುರಾಳಿಯ ಕಾಯಿ ಇದ್ದರೆ ಅದನ್ನ ಹೊಡೆಯುತ್ತದೆ. ನಮ್ಮ ಕಡೆ ಹುಲಿ ಕುರಿ ಆಟ ಆಡಿದವರಿಗೆ ಇದು ತಕ್ಷಣ ಹಿಡಿಯುತ್ತದೆ. ಹಳೇ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಕೊರೆದ ಗೆರೆಗಳನ್ನ ನೋಡಿರುತ್ತೀರಲ್ಲ, ಅದೇ ಆಟ. ಹುಲಿ ಕುರಿಯ ಮೇಲಿಂದ ಹಾರಿ ಆಚೆ ಬದಿಯ ಖಾಲಿ ಜಾಗಕ್ಕೆ ಬೀಳುತ್ತದೆ. ವ್ಯತ್ಯಾಸ ಇಷ್ಟೇ: ಹುಲಿ ತಾನು ಹಾರಿದ ಕುರಿಯನ್ನ ತಿನ್ನುತ್ತದೆ, ಮಿಡತೆ ತಾನು ಹಾರಿದ ಕಾಯಿಯನ್ನ ಮುಟ್ಟುವುದೇ ಇಲ್ಲ.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳಿಗೆ ಇದನ್ನ ತೋರಿಸಿದೆ. ಮನೆಯಲ್ಲಿ ಮಿಡತೆ ಕಾಯಿ ಎಲ್ಲಿಂದ ಬರಬೇಕು? ಒಂದು ಆನೆಯನ್ನ ತಲೆಕೆಳಗು ಮಾಡಿ ಇಟ್ಟೆ. ಬೋರ್ಡು ತೆಗೆದುಕೊಂಡು ನೀವೂ ಹಾಗೇ ಇಟ್ಟು ನೋಡಿ. ಬಿಳಿಯ ಕಡೆ ರಾಜ ಎಫ್7, ಕುದುರೆ ಇ7, ಮಿಡತೆ ಎ8. ಕಪ್ಪಿನ ಕಡೆ ರಾಜ ಎಚ್8, ಸೈನಿಕ ಎಚ್7. ಬಿಳಿ ಒಂದೇ ನಡೆಯಲ್ಲಿ ಮೇಟ್ ಮಾಡಬೇಕು.

ಅವಳು ಮೊದಲು ಕುದುರೆಯನ್ನ ಜಿ6ಕ್ಕೆ ತಂದಳು. ಚೆಕ್ ಏನೋ ಬಿತ್ತು, ಆದರೆ ಸೈನಿಕ ಕುದುರೆಯನ್ನ ಹೊಡೆಯಬಹುದು. ಆಮೇಲೆ ಮಿಡತೆಯ ಕಡೆ ನೋಡಿದಳು.

‘ಮಾವ, ಇದು ಎಲ್ಲಿಗೂ ಹೋಗಕ್ಕೇ ಆಗಲ್ಲ. ಸುಮ್ನೆ ಯಾಕಿಟ್ಟಿದ್ದೀಯ?’

‘ಸುಮ್ನೆ ಇಡಲ್ಲ ಕಣೇ. ಅದಕ್ಕೆ ಏನು ಬೇಕು ಹೇಳು.’

‘ಹಾರಕ್ಕೆ ಒಂದು ಕಾಯಿ ಬೇಕು.’

‘ಯಾವ ಮನೇಲಿ?’

ಅವಳು ಎಂಟನೇ ಅಡ್ಡಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಮನೆ ದಾಟಿಸುತ್ತಾ ಹೋದಳು. ಬಿ8, ಸಿ8, ಡಿ8, ಇ8, ಎಫ್8, ಎಲ್ಲ ಖಾಲಿ. ಜಿ8ರಲ್ಲಿ ಬೆರಳು ನಿಂತಿತು. ಮುಂದಿನ ಮನೆಯಲ್ಲಿ ಕಪ್ಪು ರಾಜ. ಆ ಬೆರಳು ಅಲ್ಲಿ ನಿಂತ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೊಂದು ಕೈಯಿಂದ ಕುದುರೆಯನ್ನ ಎತ್ತಿ ಜಿ8ಕ್ಕೆ ಇಟ್ಟಳು.

ಕುದುರೆ ಜಿ8ರಲ್ಲಿ ಕಪ್ಪು ರಾಜನ ಪಕ್ಕದಲ್ಲೇ ನಿಂತಿದೆ, ತಾನಾಗಿ ಯಾವ ಚೆಕ್ಕನ್ನೂ ಕೊಡುತ್ತಿಲ್ಲ. ಮಾಮೂಲು ಕಣ್ಣಿಗೆ ಅದು ದಾರಿ ಮುಚ್ಚಿದ ಹಾಗೆ ಕಾಣುತ್ತದೆ. ಆದರೆ ಮುಚ್ಚಿದ್ದರಿಂದಲೇ ಮಿಡತೆಗೆ ದಾರಿ ತೆರೆಯಿತು. ರಾಜ ಕುದುರೆಯನ್ನ ಹೊಡೆಯಲಾರ, ಎಫ್7ರ ರಾಜ ಅದನ್ನ ಕಾಯುತ್ತಿದ್ದಾನೆ. ಜಿ7ಕ್ಕೂ ಅದೇ ಕಾವಲು. ಎಚ್7ರಲ್ಲಿ ತನ್ನದೇ ಸೈನಿಕ. ಮುಗಿಯಿತು.

ಅವಳ ಮುಖ ನೋಡಿ ನಾನು ಎರಡನೆಯದಕ್ಕೆ ಹೋದೆ. ಎಲ್ಲ ಕಾಯಿಗಳೂ ಮೊದಲಿನ ಹಾಗೆಯೇ. ಕಪ್ಪಿಗೆ ಜಿ5ರಲ್ಲಿ ಒಂದು ಒಂಟೆ ಮಾತ್ರ ಜಾಸ್ತಿ. ಈಗ ಬಿಳಿ ಎರಡು ನಡೆಯಲ್ಲಿ ಮೇಟ್ ಮಾಡಬೇಕು. ಕುದುರೆ ಜಿ8ಕ್ಕೆ ಬಂತು ಅನ್ನಿ. ಈ ಸಲ ಕಪ್ಪಿಗೆ ಉತ್ತರ ಇದೆ. ಒಂಟೆ ಎಫ್6, ಇ7 ದಾಟಿ ಡಿ8ಕ್ಕೆ ಬಂದು ಕೂರುತ್ತದೆ. ಮಿಡತೆಗೆ ಈಗ ಮೊದಲು ಸಿಗುವ ಕಾಯಿ ಜಿ8ರ ಕುದುರೆ ಅಲ್ಲ, ಡಿ8ರ ಒಂಟೆ. ಅದರ ಮೇಲಿಂದ ಹಾರಿದರೆ ಇಳಿಯುವುದು ಇ8ಕ್ಕೆ. ರಾಜನ ಮೇಲಿನ ಚೆಕ್ ಹೋಯಿತು. ಅಡ್ಡ ಹಾಕಿದ್ದು ಸರಿಯಾಗಿಯೇ ಕೆಲಸ ಮಾಡಿತು.

ಇಲ್ಲಿ ಅವಳು ತುಂಬಾ ಹೊತ್ತು ಸುಮ್ಮನೆ ಕೂತಳು. ಅಕ್ಕ ಒಳಗಿಂದ ಊಟಕ್ಕೆ ಕರೆದರೂ ಏಳಲಿಲ್ಲ. ಕಾಯಿಗಳನ್ನ ಮುಟ್ಟದೆ ನೋಡುತ್ತಾ ಇದ್ದಳು. ಆಮೇಲೆ ‘ಮಾವ, ಅದು ಇ8ಕ್ಕೆ ಹಾರಲಿ ಬಿಡು’ ಅಂದಳು.

ಅದೇ ಉತ್ತರ. ಮಿಡತೆ ಒಂಟೆಯ ಮೇಲಿಂದ ಹಾರಿ ಇ8ಕ್ಕೆ ಇಳಿಯುತ್ತದೆ. ಅಲ್ಲಿಂದ ನೋಡಿದರೆ ಎಫ್8 ಖಾಲಿ, ಜಿ8ರಲ್ಲಿ ಕುದುರೆ, ಅದರ ಪಕ್ಕ ರಾಜ. ಮತ್ತೆ ಚೆಕ್! ಒಂಟೆ ಈಗ ಮಿಡತೆಯ ಬೆನ್ನ ಹಿಂದೆ ಉಳಿದುಬಿಟ್ಟಿದೆ. ಅದು ಕರ್ಣದಲ್ಲಿ ಮಾತ್ರ ಹೋಗಬಲ್ಲದು, ಪಕ್ಕದ ಇ8ರಲ್ಲಿರುವ ಮಿಡತೆಯನ್ನ ಹೊಡೆಯಲಾರದು. ಎಫ್8ಕ್ಕೆ ಬಂದು ಅಡ್ಡ ನಿಲ್ಲೋಣ ಅಂದರೆ ಒಂದು ನಡೆಯಲ್ಲಿ ಅಲ್ಲಿಗೆ ದಾರಿ ಇಲ್ಲ. ರಾಜನನ್ನ ಉಳಿಸುವುದಕ್ಕೆ ಓಡಿ ಬಂದವನೇ ಮಿಡತೆಗೆ ಮೆಟ್ಟಿಲಾಗಿ ಬೆನ್ನು ಕೊಟ್ಟ. ನನ್ನ ಮಟ್ಟಿಗೆ ಹೇಳಬೇಕೆಂದರೆ ಇಂಥ ಒಂದು ಕ್ಷಣಕ್ಕೋಸ್ಕರ ಗಂಟೆಗಟ್ಟಲೆ ಬೋರ್ಡಿನ ಮುಂದೆ ಕೂರಬಹುದು. ಮಾಮೂಲಿ ಚೆಸ್‌ನಲ್ಲಿ ಇದು ಹುಟ್ಟೋಕೆ ಸಾಧ್ಯವೇ ಇಲ್ಲ. ಒಂದು ಕಾಯಿಯ ನಡಿಗೆಯನ್ನ ಸ್ವಲ್ಪ ತಿರುಚಿದ್ದಕ್ಕೆ, ‘ಅಡ್ಡ ಹಾಕಿದರೆ ಚೆಕ್ ನಿಲ್ಲುತ್ತದೆ’ ಅನ್ನುವ ಪಾಠದೊಳಗೆ ಇನ್ನೊಂದು ಪಾಠ ಇತ್ತು ಅಂತ ಕಂಡಿತು.

ಸಮಸ್ಯೆ ಕಟ್ಟುವವರ ಶಿಸ್ತೂ ದೊಡ್ಡದು. ಉತ್ತರದ ಮೊದಲ ನಡೆ ಒಂದೇ ಇರಬೇಕು. ಇನ್ನೊಂದು ದಾರಿಯಲ್ಲೂ ಮೇಟ್ ಆಗುವುದಾದರೆ ಆ ಸಮಸ್ಯೆ ಕೆಟ್ಟಿತು ಅಂತಲೇ ಅರ್ಥ. ಬೋರ್ಡಿನ ಮೇಲಿರುವ ಒಂದೊಂದು ಕಾಯಿಗೂ ಕೆಲಸ ಇರಬೇಕು. ಎಚ್7ರ ಆ ಸೈನಿಕ ಇಲ್ಲದಿದ್ದರೆ ರಾಜ ಆ ಮನೆಗೆ ಓಡಿಹೋಗುತ್ತಿದ್ದ. ಹಾಗಾಗಿಯೇ ಅವನು ಅಲ್ಲಿದ್ದಾನೆ.

ನನ್ನ ಈ ಹುಚ್ಚಿಗೆ ಜಾಸ್ತಿ ಹೊತ್ತು ಸಿಗುವುದು ಬೆಂಗಳೂರಿನ ರೈಲಿನಲ್ಲಿ. ತುಮಕೂರಿನಿಂದ ದಿನಾ ಓಡಾಡುವವರಿಗೆ ಗೊತ್ತು, ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಎಲ್ಲರೂ ತಂತಮ್ಮ ಕೆಲಸಕ್ಕೆ ಬಿದ್ದಿರುತ್ತಾರೆ. ಒಬ್ಬರು ನಿದ್ದೆ, ಒಬ್ಬರು ಇಸ್ಪೀಟು, ಒಬ್ಬರು ಫೋನು. ನಾನು ಮ್ಯಾಗ್ನೆಟ್ ಬೋರ್ಡು ತೆಗೆಯುತ್ತೇನೆ. ಎದುರು ಸೀಟಿನಲ್ಲಿ ಕೂರುವ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ, ಬೆಂಗಳೂರಿನಲ್ಲಿರೋ ಮಗಳ ಮನೆಗೆ ಆಗಾಗ ಹೋಗಿಬರುತ್ತಾರೆ. ಒಳ್ಳೆಯ ಆಟಗಾರರು. ಅವರಿಗೆ ಒಂದು ದಿನ ಮದ್ರಾಸಿ ಚೆಸ್ ತೋರಿಸಿದೆ.

ಇದು ನಮ್ಮ ದೇಶದ್ದೇ ಕಲ್ಪನೆ. ಅಬ್ದುಲ್ ಜಬ್ಬಾರ್ ಕರ್ವಾಟ್ಕರ್ ಅನ್ನುವವರು 1979ರಲ್ಲಿ ಮಾಡಿದ್ದು, ಈಗ ಪ್ರಪಂಚದ ತುಂಬ ಸಮಸ್ಯೆ ಕಟ್ಟುವವರು ಬಳಸುತ್ತಾರೆ. ನಿಯಮ ಚಿಕ್ಕದು. ಒಂದೇ ಜಾತಿಯ ಎರಡು ಕಾಯಿಗಳು, ಒಂದು ಬಿಳಿ ಒಂದು ಕಪ್ಪು, ಒಂದರ ದಾರಿಯಲ್ಲಿ ಇನ್ನೊಂದು ಬಂದರೆ ಎರಡೂ ಮರಗಟ್ಟುತ್ತವೆ. ಆನೆ ಆನೆಯನ್ನ ನೋಡಿದರೆ ಎರಡೂ ನಿಂತಲ್ಲೇ. ನಡೆಯಲಾರವು, ಹೊಡೆಯಲಾರವು, ಚೆಕ್ ಕೂಡ ಕೊಡಲಾರವು. ಅವುಗಳಿಗೆ ಉಳಿಯುವ ಶಕ್ತಿ ಒಂದೇ, ಎದುರಿನ ತನ್ನ ಜಾತಿಯ ಕಾಯಿಯನ್ನ ಹಾಗೇ ಹಿಡಿದು ನಿಲ್ಲಿಸುವುದು. ರಾಜನಿಗೆ ಮಾತ್ರ ಇದು ಅನ್ವಯ ಇಲ್ಲ.

ಬೋರ್ಡಿನ ಮೇಲೆ ಇಟ್ಟದ್ದು ಹೀಗೆ. ಬಿಳಿ ರಾಜ ಜಿ6, ಆನೆಗಳು ಎ1 ಮತ್ತು ಡಿ1. ಕಪ್ಪು ರಾಜ ಎಚ್8, ಕಪ್ಪು ಆನೆ ಡಿ3. ಬಿಳಿಯ ಸರದಿ.

‘ಡಿ3ರ ಆನೇನ ಹೊಡೀಬಹುದಲ್ಲ ಸ್ವಾಮಿ’ ಅಂದರು ಮೇಷ್ಟ್ರು.

‘ಆಗಲ್ಲ ಸರ್. ಡಿ1ರ ಆನೆಯೂ ಡಿ3ರ ಆನೆಯೂ ಮುಖಾಮುಖಿ. ಎರಡೂ ಅಲ್ಲಾಡೋ ಹಾಗಿಲ್ಲ.’

‘ಸರಿ. ಎ8ಕ್ಕೆ ಹೋಗಿ ಚೆಕ್ ಕೊಟ್ರೆ ಅವನು ಡಿ8ಕ್ಕೆ ಬಂದು ಅಡ್ಡ ಹಾಕ್ತಾನೆ.’ ಹೇಳುತ್ತಾ ಹೇಳುತ್ತಾ ಅವರ ಮಾತು ನಿಧಾನ ಆಯಿತು. ‘ಅಲ್ಲ, ತಡೀರಿ. ಅವನೂ ಕಟ್ಟಿಹಾಕಿಸಿಕೊಂಡಿದಾನಲ್ಲ!’

ಹೌದು. ಮಾಮೂಲು ಚೆಸ್‌ನಲ್ಲಿ ಎ8ರ ಚೆಕ್ಕಿಗೆ ಕಪ್ಪು ಆನೆ ಡಿ8ಕ್ಕೆ ಬಂದು ಒಂದು ನಡೆಯಷ್ಟು ಉಸಿರಾಡುತ್ತದೆ. ಮದ್ರಾಸಿಯಲ್ಲಿ ಅದು ಬರಲಾರದು. ಹಾಗಾಗಿ ಎ8ಕ್ಕೆ ಆನೆ ಬಂದ ಕ್ಷಣವೇ ಮೇಟ್. ಡಿ1ರ ಆನೆ ಏನೂ ಮಾಡದೆ ನಿಂತಿದೆ, ಅಲ್ಲಾಡಲೂ ಆಗದ ಸ್ಥಿತಿಯಲ್ಲಿದೆ, ಆದರೂ ಅರ್ಧ ಕೆಲಸ ಅದರದ್ದೇ. ಮೇಷ್ಟ್ರು ಹಿರೇಹಳ್ಳಿಯಿಂದ ಚಿಕ್ಕಬಾಣಾವರದವರೆಗೂ ಆ ಬೋರ್ಡನ್ನ ನನಗೆ ವಾಪಸ್ ಕೊಡಲಿಲ್ಲ. ಕಾಯಿಗಳನ್ನ ಅಲ್ಲಿಂದ ಇಲ್ಲಿಗೆ ಇಟ್ಟು, ಹೀಗಿದ್ದರೆ, ಹಾಗಿದ್ದರೆ ಅಂತ ತಾವೇ ಪ್ರಶ್ನೆ ಹಾಕಿಕೊಳ್ಳುತ್ತಿದ್ದರು. ‘ಇದರಲ್ಲಿ ಬಲವಾದ ಕಾಯಿ ಇದ್ದಷ್ಟೂ ಕಷ್ಟ ಕಣ್ರೀ. ಅವನ ಹತ್ರ ಇಲ್ಲದ ಕಾಯಿ ನನ್ನ ಹತ್ರ ಇದ್ರೆ ಅದೇ ದೊಡ್ಡದು’ ಅಂದರು. ಇದಕ್ಕಿಂತ ಚೆನ್ನಾಗಿ ಮದ್ರಾಸಿಯನ್ನ ವಿವರಿಸಿದ್ದು ನಾನು ಕೇಳಿಲ್ಲ. ಎದುರಾಳಿಗೆ ಮಂತ್ರಿ ಇಲ್ಲ ಅಂದರೆ ನನ್ನ ಮಂತ್ರಿಯನ್ನ ಕಟ್ಟಿಹಾಕುವವರು ಯಾರೂ ಇಲ್ಲ. ಇಬ್ಬರಿಗೂ ಇದ್ದರೆ, ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ ಓಡಾಡಬೇಕು.

ಹೆಲ್ಪ್‌ಮೇಟ್ ಅನ್ನುವ ಇನ್ನೊಂದು ಬಗೆ ಇದೆ. ಅದರಲ್ಲಿ ಕಾಯಿಗಳೆಲ್ಲ ಮಾಮೂಲು, ಬದಲಾಗುವುದು ಆಡುವವರ ಉದ್ದೇಶ. ಕಪ್ಪು ಮೊದಲು ನಡೆಸುತ್ತದೆ, ಕಪ್ಪು ಬಿಳಿ ಇಬ್ಬರೂ ಕೂಡಿ ಕಪ್ಪು ರಾಜನಿಗೆ ಮೇಟ್ ಆಗುವ ಹಾಗೆ ಆಡಬೇಕು. 1854ರಲ್ಲಿ ಜರ್ಮನಿಯ ಮ್ಯಾಕ್ಸ್ ಲ್ಯಾಂಗ್ ಇಂಥದ್ದೊಂದನ್ನ ಮೊದಲು ಪ್ರಕಟಿಸಿದರು. ಕಪ್ಪೇ ಮೊದಲು ನಡೆಸುವ ಪದ್ಧತಿ 1860ರಲ್ಲಿ ಅಮೆರಿಕದ ಸ್ಯಾಮ್ ಲಾಯ್ಡ್ ಅವರಿಂದ ಬಂತು. ಇಬ್ಬರೂ ಸೇರಿ ಮಾಡುವುದಾದರೆ ಸುಲಭ ಅಲ್ವಾ ಅನ್ನಿಸಬಹುದು. ಖಂಡಿತ ಅಲ್ಲ. ಎದುರಾಳಿ ತಡೆಯುವಾಗ ಅವನ ನಡೆಗಳು ನಮಗೆ ದಾರಿ ತೋರಿಸುತ್ತವೆ, ಹೀಗೆ ಬಂದರೆ ಹೀಗೆ ಅಂತ. ಯಾರೂ ತಡೆಯದೆ ಇದ್ದಾಗ ನೂರಾರು ದಾರಿ ತೆರೆದಿರುತ್ತವೆ, ಅದರಲ್ಲಿ ಮೇಟ್‌ಗೆ ಹೋಗುವುದು ಒಂದೇ. ಮೊದಲು ಮೇಟ್ ಆದ ಚಿತ್ರವನ್ನ ಮನಸ್ಸಿನಲ್ಲಿ ಕಟ್ಟಿಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ಬರಬೇಕಾಗುತ್ತದೆ. ಹಾಗಾಗಿ ಸಮಸ್ಯೆ ಬಿಡಿಸುವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಲ್ಪ್‌ಮೇಟ್‌ಗೆ ಒಂದು ಪೂರ್ತಿ ಸುತ್ತೇ ಇದೆ. ಬಿಳಿಯೇ ಕಪ್ಪನ್ನ ಒತ್ತಾಯ ಮಾಡಿ ತನ್ನ ರಾಜನಿಗೆ ಮೇಟ್ ಹಾಕಿಸಿಕೊಳ್ಳುವ ಸೆಲ್ಫ್‌ಮೇಟ್‌ಗೂ ಹಾಗೇ ಒಂದು ಸುತ್ತು. 1977ರಿಂದ ಈ ಸ್ಪರ್ಧೆ ನಡೆಯುತ್ತಿದೆ.

ಡಾಸನ್ ಅವರ ಇನ್ನೊಂದು ನಿಯಮವನ್ನೂ ಹೇಳಿಬಿಡುತ್ತೇನೆ. ಕಪ್ಪು ಯಾವಾಗಲೂ ತನ್ನ ಅತಿ ಉದ್ದದ ನಡೆಯನ್ನೇ ಆಡಬೇಕು. ಉದ್ದ ಅಂದರೆ ಸ್ಕೇಲಿನಲ್ಲಿ ಅಳೆದ ಹಾಗೆ, ಮನೆಯ ನಡುವಿನಿಂದ ಮನೆಯ ನಡುವಿಗೆ. ಆನೆ ಎರಡು ಮನೆ ಹೋದರೆ 2. ಕುದುರೆ ಹಾರಿದರೆ 5ರ ವರ್ಗಮೂಲ, ಅಂದರೆ 2.24ರ ಹತ್ತಿರ. ಒಂಟೆ ಕರ್ಣದಲ್ಲಿ ಎರಡು ಮನೆ ಹೋದರೆ 2.83. ಚೆಸ್ ಒಳಗೆ ಪೈಥಾಗೊರಸ್ ಬಂದು ಕೂತರು! ಗಣಿತ ಅಂದರೆ ಓಡುವ ಮಕ್ಕಳಿಗೆ ವರ್ಗಮೂಲ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಅಂತ ನಾನು ಮೇಷ್ಟ್ರಿಗೂ ಹೇಳಿದ್ದೇನೆ.

ಇದೆಲ್ಲ ಬರೀ ಹೊರಗಿನವರ ಆಟ ಅಂತ ಅಂದುಕೊಳ್ಳಬೇಡಿ. ಕುದುರೆ ಒಂದೊಂದು ಮನೆಗೂ ಒಂದೇ ಸಲ ಹೋಗಿ 64 ಮನೆ ಮುಗಿಸಬೇಕು ಅನ್ನುವ ಸಮಸ್ಯೆ ನಮ್ಮದೇ ನೆಲದಲ್ಲಿ ಬಹಳ ಹಳೆಯದು. ಒಂಬತ್ತನೇ ಶತಮಾನದ ಕಾಶ್ಮೀರದ ರುದ್ರಟ ಕುದುರೆಯ ನಡಿಗೆಯಲ್ಲಿ ಓದಿದರೂ ಅದೇ ಪದ್ಯ ಬರುವ ಹಾಗೆ ಶ್ಲೋಕ ಬರೆದು ತೋರಿಸಿದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇದರ ಮೇಲೆ ಅಪಾರ ಪ್ರೀತಿ. ಕುದುರೆ ಹೋದ ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಬರೆಯುತ್ತಾ ಹೋದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗಲೂ 260 ಬರುವ ಹಾಗೆ ನಡಿಗೆ ಕಟ್ಟಿದ ದೊರೆ ಅವರು. ಕರ್ಣಗಳೂ 260 ಬರುವ ನಡಿಗೆ ಇದೆಯೇ ಅಂತ ಜನ ಆಮೇಲೂ ಹುಡುಕುತ್ತಲೇ ಇದ್ದರು. ಅಂಥದ್ದು ಈ ಬೋರ್ಡಿನಲ್ಲಿ ಇಲ್ಲವೇ ಇಲ್ಲ ಅಂತ 2003ರಲ್ಲಿ ಕಂಪ್ಯೂಟರುಗಳು ಒಂದೊಂದನ್ನೂ ಹುಡುಕಿ ನೋಡಿ ತೀರ್ಮಾನ ಕೊಟ್ಟವು. ರಾಜ್ಯ ನೋಡಿಕೊಳ್ಳುವುದನ್ನ ಬ್ರಿಟಿಷರು ಕಿತ್ತುಕೊಂಡ ಮೇಲೆ ಒಬ್ಬ ದೊರೆ ಕುದುರೆ ಕಾಯಿಯನ್ನ ಮುಂದಿಟ್ಟುಕೊಂಡು ಕೂತಿದ್ದನ್ನ ನೆನೆದರೆ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಗುತ್ತದೆ.

ಕಂಪ್ಯೂಟರ್ ವಿಷಯ ಬಂತಲ್ಲ. ಪೊಪಾಯ್ ಅನ್ನುವ ಒಂದು ಉಚಿತ ಪ್ರೋಗ್ರಾಂ ಇದೆ. ಮಿಡತೆ, ಸರ್ಸಿ, ಮದ್ರಾಸಿ, ಏನೇ ನಿಯಮ ಹೇಳಿ, ಚಿಕ್ಕ ಸಮಸ್ಯೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಉತ್ತರವನ್ನೂ ಮುಂದಿಡುತ್ತದೆ. ಸಮಸ್ಯೆ ಕಟ್ಟುವವರಿಗೆ ಅದು ವರ. ಬೇರೆ ಉತ್ತರ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಅದಿಲ್ಲದೆ ಈಗ ಯಾರೂ ಇಲ್ಲ. ಆದರೆ ಬಿಡಿಸುವವರು ಅದನ್ನ ಮೊದಲೇ ತೆರೆಯಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಡಿ8ಕ್ಕೆ ಬಂದ ಒಂಟೆಯನ್ನ ನೋಡುತ್ತಾ ಅಕ್ಕನ ಮಗಳು ಕೂತಿದ್ದಳಲ್ಲ, ಆ ಹೊತ್ತನ್ನ ಯಾವ ಪ್ರೋಗ್ರಾಮೂ ಅವಳಿಗೆ ಕೊಡಲಾರದು.

ಇನ್ನೊಂದು ಅಭಿಪ್ರಾಯವೂ ಇದೆ, ಇದಕ್ಕೆ ಎಲ್ಲರೂ ಒಪ್ಪಲಿಕ್ಕಿಲ್ಲ. ಕಂಪ್ಯೂಟರ್ ಬಂದ ಮೇಲೆ ಒಂದೇ ಸಮಸ್ಯೆಗೆ ಮೂರು ನಾಲ್ಕು ನಿಯಮ ತುರುಕುವ ಅಭ್ಯಾಸ ಬೆಳೆದಿದೆ. ಸರ್ಸಿಯೂ ಬೇಕು, ಮದ್ರಾಸಿಯೂ ಬೇಕು, ಜೊತೆಗೆ ಎರಡು ಹೊಸ ಕಾಯಿ, ಬೋರ್ಡಿನ ಎಡ ಬಲದ ಅಂಚು ಅಂಟಿಸಿ ಕೊಳವೆ ಮಾಡಿದ್ದು ಬೇರೆ. ಅಲ್ಲಿ ಉತ್ತರ ನೋಡಿದರೂ ಮನಸ್ಸಿಗೆ ಏನೂ ತಟ್ಟುವುದಿಲ್ಲ, ಯಾವ ನಿಯಮದಿಂದ ಏನಾಯಿತು ಅಂತ ಹಿಡಿಯುವುದೇ ಕಷ್ಟ. ಒಂದು ನಿಯಮ, ಏಳೆಂಟು ಕಾಯಿ, ಅಷ್ಟರಲ್ಲೇ ಆ ನಿಯಮದ ಒಳಗಿರುವುದನ್ನ ಹೊರಗೆ ತೆಗೆದು ತೋರಿಸುವ ಸಮಸ್ಯೆ ನನಗೆ ಹೆಚ್ಚು. ಶುರು ಮಾಡುವವರಿಗೂ ಅದನ್ನೇ ಹೇಳುತ್ತೇನೆ. ಮೊದಲು ಮಿಡತೆ ಹಿಡಿಯಿರಿ. ಕೈ ಕೂತ ಮೇಲೆ ಸರ್ಸಿ. ಆಮೇಲೆ ಮದ್ರಾಸಿ. ಫೋನಿನ ಪರದೆಗಿಂತ ನಿಜವಾದ ಬೋರ್ಡು, ನಿಜವಾದ ಕಾಯಿ ಒಳ್ಳೆಯದು, ಯಾಕೆಂದರೆ ಫೋನು ತಪ್ಪು ನಡೆಯನ್ನ ತಾನೇ ತಡೆದುಬಿಡುತ್ತದೆ. ಇಲ್ಲಿ ತಡೆಯಬೇಕಾದವರು ನಾವೇ, ಪ್ರತಿ ನಡೆಗೂ ನಿಯಮವನ್ನ ನಾವೇ ನೆನಪಿಸಿಕೊಳ್ಳಬೇಕು. ಕಲಿಯುವುದು ಹಾಗೆಯೇ.

ಹೋಗುವ ಮುಂಚೆ ಒಂದನ್ನ ನಿಮಗೆ ಬಿಟ್ಟು ಹೋಗುತ್ತೇನೆ. ರೈಲಿನಲ್ಲಿ ಮೇಷ್ಟ್ರು ಕಾಯಿಗಳನ್ನ ಆಡಿಸುತ್ತಿದ್ದಾಗ ಹುಟ್ಟಿದ್ದು ಇದು. ನಿಯಮ ಮದ್ರಾಸಿ. ಬಿಳಿ ರಾಜ ಎಫ್7ರಲ್ಲಿ. ಬಿಳಿ ಆನೆ ಎ1ರಿಂದ ಎಚ್1ಕ್ಕೆ ಈಗಷ್ಟೇ ಬಂದು ಚೆಕ್ ಕೊಟ್ಟಿದೆ. ಕಪ್ಪು ರಾಜ ಎಚ್8ರಲ್ಲಿ, ಅವನ ಸೈನಿಕ ಡಿ2ರಲ್ಲಿ, ಇನ್ನೊಂದು ಹೆಜ್ಜೆಗೆ ಡಿ1. ಬೇರೆ ಯಾವ ಕಾಯಿಯೂ ಇಲ್ಲ. ಮಾಮೂಲು ಚೆಸ್‌ನಲ್ಲಿ ಕಪ್ಪಿಗೆ ಇದು ಮೇಟ್. ಮದ್ರಾಸಿಯಲ್ಲಿ ಕಪ್ಪಿಗೆ ಒಂದೇ ಒಂದು ನಡೆ ಉಳಿದಿದೆ, ಅದನ್ನ ಆಡಿದರೆ ಚೆಕ್ ಹೋಗುತ್ತದೆ. ಸೈನಿಕನನ್ನ ಮಂತ್ರಿ ಮಾಡಿದರೆ ಪ್ರಯೋಜನ ಇಲ್ಲ ಅಂತ ಮಾತ್ರ ಹೇಳುತ್ತೇನೆ. ಉತ್ತರ ಸಿಕ್ಕಿದವರು ಬೇರೆಯವರಿಗೆ ಬೇಗ ಹೇಳಿಬಿಡಬೇಡಿ, ಅವರೂ ಸ್ವಲ್ಪ ಹೊತ್ತು ಕೂತು ನೋಡಲಿ.